ಕತ್ತಿನ ಚಿಟ್ಟೆ, ಎದೆಯ ಚುಕ್ಕಿ

ಮಾರ್ಚ್ 4, ಮಂಗಳವಾರ

“ಅಮ್ಮಾ, ನಿನ್ನ ದಮ್ಮಯ್ಯ, ಈ ಪರೀಕ್ಷೆ ಮುಗಿಯೋವರೆಗಾದ್ರೂ ಹೇರಾನ್ ಹತ್ರ ಜಗಳ ತೆಗೀಬೇಡ” ಎಂದು ಗಿಬೊಮ್ ಕೇಳಿಕೊಂಡ. ಆಸ್ಪತ್ರೆಯ ಮಂಚದ ಮೇಲಿಂದ ಮಗ ಹಾಗೆ ಕೇಳಿದರೆ ಆಗುವುದಿಲ್ಲ ಎನ್ನಲು ನಾನೇನು ಕಲ್ಲೇ? ಆಯಿತು ಎಂದೆ. ಬಾಯಿಗೆ ಬೀಗ ಹಾಕಿಕೊಂಡದ್ದಾಯಿತು, ಒಳಗೆ ಕುದಿಯುವುದನ್ನು ಎಲ್ಲಾದರೂ ಸುರಿಯಬೇಕಲ್ಲ. ಅದಕ್ಕೆ ಬರೆಯುತ್ತಿದ್ದೇನೆ. ಯಾರೂ ಓದಬೇಕಾಗಿಲ್ಲ.

ಸೊಸೆ ಹೇರಾನ್ ರಾಜಧಾನಿ ಸೋಲ್‌ನವಳು. ಮಾತನಾಡಿದರೆ ಟಿವಿಯಲ್ಲಿ ಹವಾಮಾನ ಹೇಳುವವಳ ಹಾಗೆ, ಏರಿಲ್ಲ ಇಳಿವಿಲ್ಲ. ಇವತ್ತು ವಾರ್ಡಿನ ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ, ವಿಮಾನ ನಿಲ್ದಾಣದವರ ಹಾಗೆ ನನ್ನ ಚೀಲ ತಡಕಾಡಿದಳು. ಕಿಮ್ಚಿ, ಒಣಮೀನು, ಸೀಗಡಿ ಉಪ್ಪಿನಕಾಯಿ ಒಂದೊಂದೇ ಡಬ್ಬಿ ಆಚೆ ಬಂತು.

“ಅತ್ತೆ, ಶುಕ್ರವಾರದಿಂದ ಇಪ್ಪತ್ತೊಂದನೇ ತಾರೀಖಿನವರೆಗೆ ಸಮುದ್ರದ್ದು ಅಂತ ಏನೂ ಅವರ ಬಾಯಿಗೆ ಹೋಗಬಾರದು. ಕಡಲುಪ್ಪು ಕೂಡ.”

“ಇವತ್ತಿನ್ನೂ ಮಂಗಳವಾರ ಕಣೇ.”

“ಈಗಿಂದಲೇ ರೂಢಿ ಆಗಲಿ.”

ಗಿಜಾಂಗ್ ದಂಡೆಯಲ್ಲಿ ಕಡಲಸೊಪ್ಪು ಒಣಗಿಸಿ ಮಾರುವವಳು ನಾನು. ಆ ಸೊಪ್ಪಿನಲ್ಲೇ ಈ ಮಗನನ್ನು ಸಾಕಿದ್ದು, ಓದಿಸಿದ್ದು, ಅವಳ ಕೈಗೆ ಕೊಟ್ಟಿದ್ದು. ಈಗ ಅದೇ ಅವನಿಗೆ ವಿಷವಂತೆ. ಡಬ್ಬಿಗಳನ್ನೆಲ್ಲ ಹೊತ್ತುಕೊಂಡು ವಾಪಸು ಬಸ್ಸು ಹತ್ತಿದೆ. ಸೀಗಡಿ ವಾಸನೆಗೆ ಪಕ್ಕದ ಸೀಟಿನವಳು ಎದ್ದು ಹೋದಳು.

ಮಾರ್ಚ್ 6, ಗುರುವಾರ

ತಾಕ್ ಡಾಕ್ಟ್ರಮ್ಮ ಇವತ್ತು ನನ್ನನ್ನೂ ಕೂರಿಸಿಕೊಂಡು ಹೇಳಿದರು. ಈ ಚಿಕಿತ್ಸೆ ಇನ್ನೂ ಪ್ರಯೋಗದ ಹಂತದಲ್ಲಿದೆ, ಅದನ್ನು ನಡೆಸುವವರು ಅವರೇ. ನನ್ನ ಮೊಮ್ಮಗಳಾಗುವ ವಯಸ್ಸು ಅವರಿಗೆ ಎಂದು ಮೊದಲು ಅನ್ನಿಸಿತ್ತು. ಹತ್ತಿರದಿಂದ ನೋಡಿದರೆ ಕಿವಿಯ ಪಕ್ಕದ ಕೂದಲು ನೆರೆತಿದೆ.

ಹೋದ ಚಳಿಗಾಲದ ಮೊದಲಲ್ಲಿ ಗಿಬೊಮ್‌ಗೆ ಬಸ್ಸು ಓಡಿಸುತ್ತಿರುವಾಗಲೇ ಎದೆ ಹಿಡಿಯಿತು. ಬಸ್ಸನ್ನು ಬದಿಗೆ ತಂದು ನಿಲ್ಲಿಸಿ, ಬಾಗಿಲು ತೆರೆದು, ಎಲ್ಲರನ್ನೂ ಇಳಿಸಿ ಆಮೇಲೆ ಬಿದ್ದ. ಜನ ಹೊಗಳಿದರು. ಆದರೆ ಆ ಹೊತ್ತಿಗೆ ಹೃದಯದ ಒಂದು ಕಡೆಯ ಸ್ನಾಯು ಸತ್ತುಹೋಗಿತ್ತು. ಫೆಬ್ರವರಿಯಲ್ಲಿ ಪ್ರಯೋಗಾಲಯದಲ್ಲಿ ಬೆಳೆಸಿದ ಹೊಸ ಹೃದಯಕೋಶಗಳನ್ನು ಅಲ್ಲಿಗೆ ಚುಚ್ಚಿ ಸೇರಿಸಿದರು. ಅವು ಬೇರೂರಿದವೋ ಸತ್ತವೋ ನೋಡಬೇಕು. ದಿನಾ ಎದೆ ಬಗೆದು ನೋಡಲು ಬರುತ್ತದೆಯೇ?

“ಅದಕ್ಕೇ ಅವುಗಳೊಳಗೆ ಮೊದಲೇ ಒಂದು ಜೀನ್ ಸೇರಿಸಿರ್ತೀವಿ, ಅಮ್ಮ. ರಿಪೋರ್ಟರ್ ಜೀನ್ ಅಂತೀವಿ.”

“ಬಿರುಗಾಳಿ ಬಂದಾಗ ನಮ್ಮ ದಂಡೆಗೆ ಬಂದು ಕೊಡೆ ಹಿಡ್ಕೊಂಡು ಕಿರುಚ್ತಾರಲ್ಲ ಟಿವಿಯವರು, ಅಂಥ ರಿಪೋರ್ಟರಾ?”

“ಅಂಥವರೇ!” ಡಾಕ್ಟ್ರಮ್ಮ ನಕ್ಕರು. “ಆದರೆ ಇವರು ಸುಳ್ಳು ಹೇಳಲ್ಲ. ಕೋಶ ಬದುಕಿದ್ರೆ ಮಾತ್ರ ‘ಇಲ್ಲಿದೀನಿ’ ಅಂತಾರೆ. ಹಿಂದೆ ಕೋಶಗಳಿಗೆ ಕಬ್ಬಿಣದ ಪುಡಿ ತುಂಬಿ ಗುರುತು ಹಿಡೀತಿದ್ವಿ. ಕೋಶ ಸತ್ತರೂ ಪುಡಿ ಅಲ್ಲೇ ಉಳೀತಿತ್ತು, ನಾವು ಬದುಕಿದೆ ಅಂದ್ಕೊಂಡು ಖುಷಿಪಡ್ತಿದ್ವಿ.”

ಆ ಜೀನ್ ಕೋಶದ ಗೋಡೆಯಲ್ಲಿ ಅಯೋಡಿನ್‌ಗೆ ಒಂದು ಬಾಗಿಲು ಕಟ್ಟುತ್ತದಂತೆ. ಬೆಳಕು ಸೂಸುವ ಅಯೋಡಿನ್ ಸ್ವಲ್ಪ ರಕ್ತಕ್ಕೆ ಕೊಟ್ಟರೆ ಅದು ಆ ಬಾಗಿಲಿಂದ ಒಳಗೆ ಹೋಗಿ ಕೂರುತ್ತದೆ, ಆ ಬೆಳಕು ನಮ್ಮ ಕಣ್ಣಿಗಲ್ಲ, ಅವರ ಯಂತ್ರದ ಕ್ಯಾಮೆರಾಗೆ ಮಾತ್ರ ಕಾಣುತ್ತದೆ. ಸತ್ತ ಕೋಶಕ್ಕೆ ಬಾಗಿಲೂ ಇಲ್ಲ, ಬೆಳಕೂ ಇಲ್ಲ. ಫೆಬ್ರವರಿಯ ಚಿತ್ರ ತೋರಿಸಿದರು. ಕತ್ತಲೆಯೊಳಗೆ ನನ್ನ ಮಗ. ಕತ್ತಿನ ಹತ್ತಿರ ರೆಕ್ಕೆ ಬಿಚ್ಚಿದ ಚಿಟ್ಟೆ. ಅದು ಥೈರಾಯ್ಡ್ ಗ್ರಂಥಿ, ಅದಕ್ಕೆ ಇಂಥ ಬಾಗಿಲು ಹುಟ್ಟಿನಿಂದಲೇ ಇರುತ್ತದೆ, ಎಲ್ಲರಿಗೂ ಹೊಳೆಯುತ್ತದೆ. ಕೆಳಗೆ ಎಡಕ್ಕೆ ಅಕ್ಕಿಕಾಳಿನಷ್ಟು ಒಂದು ಚುಕ್ಕಿ. ಆ ಚುಕ್ಕಿಯೇ ಹೊಸ ಕೋಶಗಳು.

“ಕಡಲಸೊಪ್ಪಿನ ತುಂಬ ಅಯೋಡಿನ್ ಅಮ್ಮ. ಅದನ್ನು ತಿಂದ್ರೆ ಬಾಗಿಲ ತುಂಬ ಅದೇ ನೂಕಾಡುತ್ತೆ. ನಮ್ಮದಕ್ಕೆ ಜಾಗ ಸಿಗಲ್ಲ.”

“ಹಬ್ಬದ ದಿನದ ಬಸ್ಸಮ್ಮ,” ಎಂದ ಗಿಬೊಮ್. “ಟಿಕೆಟ್ ಇದ್ರೂ ಹತ್ತೋಕಾಗಲ್ಲ.”

ಇಪ್ಪತ್ತೊಂದಕ್ಕೆ ಮತ್ತೆ ಚಿತ್ರ. ಚುಕ್ಕಿ ಇದ್ದರೆ ಎರಡನೇ ಸಲ ಕೋಶ ಹಾಕುತ್ತಾರೆ, ಈ ಸಲ ಹೆಚ್ಚು. ಅವು ಈಗಾಗಲೇ ಅವನಿಗಾಗಿ ಬೆಳೆಯುತ್ತಿವೆ, ಏಪ್ರಿಲ್ ಕೊನೆಗೆ ತಯಾರು, ಆಮೇಲೆ ಇಟ್ಟರೆ ಕೆಡುತ್ತವೆ. ಚುಕ್ಕಿ ಇಲ್ಲದಿದ್ದರೆ ಹಾಕುವುದಿಲ್ಲ. ಆಮೇಲೆ ಯಾರದೋ ಹೃದಯ ಸಿಗುವವರೆಗೆ ಕಾಯಬೇಕು. ಅಲ್ಲಿಯವರೆಗೆ ಇವನದು ತಡೆಯುತ್ತದೆಯೇ ಎಂದು ನಾನು ಕೇಳಲಿಲ್ಲ. ಸೊಸೆಯೂ ಕೇಳಲಿಲ್ಲ.

ಮಾರ್ಚ್ 14, ಶುಕ್ರವಾರ

ಸೊಪ್ಪಿನ ಸುಗ್ಗಿ. ಬೆಳಿಗ್ಗೆಯೆಲ್ಲ ಒಣಹಾಕಿ ಮಧ್ಯಾಹ್ನದ ಬಸ್ಸಿಗೆ ಹೋಗುತ್ತೇನೆ. ಆಸ್ಪತ್ರೆಯವರು ಕೊಡುವ ಅವನ ಊಟಕ್ಕೆ ಬೇರೆಯೇ ತಟ್ಟೆ, ರುಚಿಯಿಲ್ಲ ಪಚಿಯಿಲ್ಲ. ಪಕ್ಕದ ಮಂಚದ ಪ್ಯೊ ತಾತನಿಗೆ ಮಾಮೂಲಿ ತಟ್ಟೆ. ಈ ತಾತ ಕ್ಷೌರದಂಗಡಿ ಇಟ್ಟಿದ್ದವನು, ಬಾಯಿ ಒಂದು ಗಳಿಗೆ ಸುಮ್ಮನಿರುವುದಿಲ್ಲ. “ಅಕ್ಕಾವ್ರೇ, ನಿಮ್ಮ ಮಗ ನನ್ನ ತಟ್ಟೆ ನೋಡೋದು ನೋಡಿದ್ರೆ ನಂಗೆ ಗಂಟಲಲ್ಲಿ ಇಳಿಯಲ್ಲ” ಎನ್ನುತ್ತಾನೆ. ಇಳಿಯುವುದೇನೋ ಚೆನ್ನಾಗಿಯೇ ಇಳಿಯುತ್ತದೆ.

ಸೊಸೆ ಮಂಚದ ಪಕ್ಕದ ಮೊಣಕಾಲೆತ್ತರದ ಬೆಂಚಿನ ಮೇಲೆ ಮಲಗುತ್ತಾಳೆ. ಅದು ಬೆಕ್ಕು ಮಲಗಲೂ ಸಾಲದು. ಕೆಮ್ಮುತ್ತಿದ್ದಳು. ಮನೆಯಿಂದ ದಪ್ಪ ಹೊದಿಕೆ ಒಯ್ದು ಕೊಟ್ಟೆ. ಅವಳಿಗಾಗಿ ಏನಲ್ಲ. ಅವಳು ಕೆಮ್ಮಿದರೆ ಗಿಬೊಮ್‌ಗೆ ನಿದ್ರೆ ಕೆಡುತ್ತದೆ.

ಮಾರ್ಚ್ 18, ಮಂಗಳವಾರ

ನಾಳೆ ಎರಡನೇ ಚಾಂದ್ರಮಾಸದ ಇಪ್ಪತ್ತನೆಯ ದಿನ. ಗಿಬೊಮ್ ಹುಟ್ಟಿದ ದಿನ. ಸೊಸೆಗೆ ಇದು ಗೊತ್ತಿಲ್ಲ. ಅವಳದು ಸರ್ಕಾರಿ ಕ್ಯಾಲೆಂಡರಿನ ಲೆಕ್ಕ, ಏಪ್ರಿಲ್ ಒಂಬತ್ತು. ಮದುವೆಯಾದಾಗಿನಿಂದ ಆ ದಿನ ಅವರ ಮನೆಯಲ್ಲಿ ಕೇಕು, ಚಂದ್ರನ ಲೆಕ್ಕದ ದಿನ ನನ್ನ ಕೈಯ ಸಾರು. ಅವನು ಏನೋ ನೆಪ ಹೇಳಿ ಗಿಜಾಂಗಿಗೆ ಬಂದು ಉಂಡು ಹೋಗುತ್ತಿದ್ದ. ಇಬ್ಬರೂ ಅವಳಿಗೆ ಹೇಳಿಲ್ಲ. ನಾನಂತೂ ಬೇಕೆಂದೇ ಹೇಳಿಲ್ಲ. ಒಂದು ದಿನವಾದರೂ ನನ್ನದೇ ಇರಲಿ ಅಂತ.

ಹೆತ್ತ ತಾಯಿ ಬಾಣಂತನದಲ್ಲಿ ಉಣ್ಣುವುದು ಕಡಲಸೊಪ್ಪಿನ ಸಾರು. ಅದನ್ನೇ ಮಗು ಬದುಕಿಡೀ ಹುಟ್ಟಿದ ದಿನ ಉಣ್ಣಬೇಕು, ಅಮ್ಮ ಪಟ್ಟ ಪಾಡು ನೆನಪಿರಲಿ ಅಂತ. ಸೈನ್ಯದಲ್ಲಿದ್ದಾಗಲೂ ಇವನು ತಪ್ಪಿಸಿದವನಲ್ಲ. ನಾಳೆ ತಪ್ಪುತ್ತದೆ.

ನಾಳೆ ಆಸ್ಪತ್ರೆಗೆ ಹೋಗುವುದೇ ಬೇಡ. ಹೋದರೆ ಕೈ ಸುಮ್ಮನಿರುವುದಿಲ್ಲ, ನನ್ನ ಕೈಯನ್ನು ನಾನೇ ನಂಬುವುದಿಲ್ಲ. “ಸೊಪ್ಪು ಬಹಳ ಬಂದಿದೆ ಕಣೋ, ನಾಳೆ ಬರಕ್ಕಾಗಲ್ಲ” ಎಂದು ಫೋನ್ ಮಾಡಿದೆ. “ಆಯ್ತಮ್ಮ” ಎಂದ. ಆದರೆ ಸ್ವಲ್ಪ ಹೊತ್ತು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ.

ಮಾರ್ಚ್ 19, ಬುಧವಾರ

ತಡೆಯಲಾಗಲಿಲ್ಲ, ಮನೆಯಲ್ಲೇ ಸಾರು ಮಾಡಿದೆ. ಎರಡು ಬಟ್ಟಲಿಗೆ ಹಾಕಿದೆ. ನನ್ನದು ಉಣ್ಣುತ್ತಿರುವಾಗ ಬಾಗಿಲು ಸರಿಯಿತು. ಸೊಸೆ!

“ಅಮ್ಮ ಯಾಕೋ ಮುನಿಸಿಕೊಂಡಿದಾಳೆ, ಹೋಗಿ ನೋಡ್ಕೊಂಡು ಬಾ ಅಂತ ಅವರೇ ಕಳಿಸಿದ್ರು” ಎಂದಳು. ಅವಳ ಕಣ್ಣು ಎರಡನೇ ಬಟ್ಟಲಿನ ಮೇಲೆ ಹೋಯಿತು. “ಅತ್ತೆ, ಇದು ಯಾರಿಗೆ? ಆಸ್ಪತ್ರೆಗಾ?”

“ತಗೊಂಡು ಹೋಗೋ ಹಾಗಿದ್ರೆ ಬಟ್ಟಲಲ್ಲಿ ಯಾಕೆ ಹಾಕ್ತಿದ್ದೆ? ಫ್ಲಾಸ್ಕಲ್ಲಿ ಹಾಕ್ತಿರ್ಲಿಲ್ವಾ? ಪೊಲೀಸಮ್ಮ ಬಂದಳು!” ಎಂದು ರೇಗಿದೆ. ಮಗನಿಗೆ ಕೊಟ್ಟ ಮಾತು ಮುರಿಯಿತು. ಮುರಿದ ಮೇಲೆ ಇನ್ನೇನು, ಇವತ್ತು ಯಾವ ದಿನ, ಆಸ್ಪತ್ರೆಗೆ ಯಾಕೆ ಬರಲಿಲ್ಲ ಎಂಬುದನ್ನೂ ಹೇಳಿಬಿಟ್ಟೆ.

ಅವಳು ಕೋಟು ಬಿಚ್ಚಿಟ್ಟು ನೆಲದ ಮೇಲೆ ಕುಳಿತಳು. “ಹನ್ನೊಂದು ವರ್ಷ ನನಗೆ ಹೇಳ್ಬೇಕು ಅನ್ನಿಸ್ಲಿಲ್ವಾ ಅತ್ತೆ?” ಎಂದಳು. ಅದೇ ಹವಾಮಾನದ ದನಿ, ಆದರೆ ತುದಿಯಲ್ಲಿ ನಡುಗಿತು. ಅವಳು ಬಟ್ಟಲನ್ನು ತನ್ನ ಕಡೆ ಎಳೆದುಕೊಂಡಳು. “ಅವರ ಪಾಲಿಂದು ನಾನು ತಿಂತೀನಿ. ಚೆಲ್ಲೋದು ಬೇಡ.”

ಪೂರಾ ಉಂಡಳು. ಸೊರಸೊರ ಸದ್ದು ಮಾಡುತ್ತಾಳೆ, ಸೋಲ್‌ನವರು ಹೀಗೂ ಉಣ್ಣುತ್ತಾರೆಂದು ಗೊತ್ತಿರಲಿಲ್ಲ. ಹೋಗುವಾಗ ನನ್ನ ಬಟ್ಟಲನ್ನೂ ತೊಳೆದಿಟ್ಟಳು.

ಮಾರ್ಚ್ 21, ಶುಕ್ರವಾರ

ಚುಕ್ಕಿ ಇಲ್ಲ.

ಮಾರ್ಚ್ 22, ಶನಿವಾರ

ನಿನ್ನೆ ಚಿತ್ರ ತೆಗೆಯುವವನು ಪರದೆಯನ್ನು ಆ ಕಡೆ ತಿರುಗಿಸಿದ. ಅಷ್ಟರಲ್ಲಿ ಗಾಜಿನಾಚೆಯಿಂದ ನಾನು ನೋಡಿಬಿಟ್ಟಿದ್ದೆ. ಪೂರ್ತಿ ಕತ್ತಲು. ಡಾಕ್ಟ್ರಮ್ಮ “ಸೋಮವಾರ ಮಾತಾಡೋಣ, ಇನ್ನೂ ಕೆಲವು ಪರೀಕ್ಷೆ ನೋಡ್ಬೇಕು” ಎಂದರು. ಗಿಬೊಮ್ ಗೋಡೆಯ ಕಡೆ ತಿರುಗಿ ಮಲಗಿದ. ಎಷ್ಟು ಕರೆದರೂ ತಿರುಗಲಿಲ್ಲ.

ಇವನ ಅಪ್ಪ ಬೊಂಡಾಸ ಮೀನು ಹಿಡಿಯುವ ದೋಣಿಗೆ ಹೋಗುತ್ತಿದ್ದ. ಬೊಂಡಾಸಕ್ಕೆ ಬೆಳಕೆಂದರೆ ಆಸೆ, ದೋಣಿಯ ತುಂಬ ದೀಪ ಕಟ್ಟುತ್ತಾರೆ. ದಂಡೆಯಿಂದ ನೋಡಿದರೆ ನಮ್ಮ ದೋಣಿ ಯಾವುದು ಎಂದು ನಾನು ಹೇಳುತ್ತಿದ್ದೆ. ಗಾಳಿ ಎದ್ದ ಆ ಸಲ ಒಂದೊಂದೇ ದೀಪ ಹಿಂದೆ ಬಂತು, ನಮ್ಮದು ಬರಲಿಲ್ಲ. ಗಿಬೊಮ್ ಆಗ ನನ್ನ ಬೆನ್ನಿಗೆ ಕಟ್ಟಿಕೊಂಡ ಕೂಸು. ಕತ್ತಲು ಅಂದರೆ ಏನೆಂದು ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಸೊಪ್ಪಿನ ಕೆಲಸಕ್ಕೆ ಹೋಗಲಿಲ್ಲ. ನಾನು ಕೊಟ್ಟದ್ದರಲ್ಲಿ ಎಲ್ಲಾದರೂ ಏನಾದರೂ ಇತ್ತೇ? ಹೊದಿಕೆಯಲ್ಲಿ? ನನ್ನ ಉಗುರಿನ ಸಂದಿಯಲ್ಲಿ? ಕೈ ತೊಳೆದು ತೊಳೆದು ಚರ್ಮ ಸುಲಿದಿದೆ. ಹೇರಾನ್ ಎರಡು ಸಲ ಫೋನ್ ಮಾಡಿ “ಊಟ ಆಯ್ತಾ ಅತ್ತೆ” ಎಂದಳು.

ಮಾರ್ಚ್ 24, ಸೋಮವಾರ

ಇವತ್ತಿನದನ್ನು ಬರೆದೇ ಮಲಗಬೇಕು.

ಡಾಕ್ಟ್ರಮ್ಮ ಎರಡೂ ಚಿತ್ರ ಪಕ್ಕಪಕ್ಕ ಇಟ್ಟರು. “ಇದನ್ನ ನೋಡಿ. ಎದೆಯಲ್ಲಿ ಚುಕ್ಕಿ ಇಲ್ಲ. ಸರಿ. ಆದರೆ ಕತ್ತಿನ ಚಿಟ್ಟೆ ಎಲ್ಲಿ ಹೋಯ್ತು?”

ನಿಜ. ಚಿಟ್ಟೆಯೂ ಇರಲಿಲ್ಲ. ಮಂಜಿನಲ್ಲಿ ಕಂಡ ಹಾಗೆ ಒಂದಿಷ್ಟು ಮಬ್ಬು, ಅಷ್ಟೇ.

“ಥೈರಾಯ್ಡ್ ಸಾಯೋದಿಲ್ಲವಲ್ಲ. ಅಂದರೆ ಬಾಗಿಲು ತುಂಬಿತ್ತು. ಮೂತ್ರ ಪರೀಕ್ಷೆ ಮಾಡಿಸ್ದೆ, ಅಯೋಡಿನ್ ಬೇಜಾನ್ ಇದೆ. ಕೋಶ ಬದುಕಿರಬಹುದು, ಸತ್ತಿರಬಹುದು, ಈ ಚಿತ್ರದಿಂದ ಏನೂ ಹೇಳಕ್ಕಾಗಲ್ಲ.” ಆಮೇಲೆ ಅವರ ದನಿ ಬದಲಾಯಿತು. “ನಾನು ಈ ಪ್ರಯೋಗದ ಸಮಿತಿ ಮುಂದೆ ಹೋಗಿ ನಿಲ್ಲಬೇಕು. ಯಾರು ಏನು ತಿನ್ನಿಸಿದ್ರಿ? ನಿಜ ಹೇಳಿ.”

ಎಲ್ಲರೂ ನನ್ನ ಕಡೆ ನೋಡಿದರು. ನರ್ಸ್ ಕೂಡ. ನೋಡದೆ ಇನ್ನೇನು, ನನ್ನ ಮೈಯೇ ಸೊಪ್ಪಿನ ವಾಸನೆ. ನಾನು ಮಾತ್ರ ಗಿಬೊಮ್ ಕಡೆ ನೋಡಿದೆ. ಅವನ ಕಿವಿ ಕೆಂಪಾಗಿತ್ತು. ಚಿಕ್ಕಂದಿನಿಂದ ಅವನ ಕಳ್ಳತನವನ್ನೆಲ್ಲ ಆ ಕಿವಿಯೇ ಹೇಳಿಕೊಟ್ಟಿದೆ. ರೋಗಿಯೇ ನಿಯಮ ಮುರಿದರೆ ಪ್ರಯೋಗದಿಂದ ತೆಗೆದುಬಿಡುತ್ತಾರೆ ಎಂದು ಮೊದಲ ದಿನವೇ ಹೇಳಿದ್ದರು. ಏನೂ ತಿಳಿಯದ ಮುದುಕಿ ತಿನ್ನಿಸಿದ್ದಾದರೆ?

“ನಾನೇ,” ಎಂದೆ. “ಬುಧವಾರ ಹುಟ್ಟಿದ ದಿನ ಇತ್ತು. ಒಂದು ಬಟ್ಟಲು ಸಾರು ಕುಡಿಸ್ದೆ. ಅವನು ಬೇಡ ಬೇಡ ಅಂದ.”

“ಸುಳ್ಳು.” ಹೇರಾನ್ ಎದ್ದು ನಿಂತಳು. ಅವಳು ಅಷ್ಟು ಜೋರಾಗಿ ಮಾತನಾಡಿದ್ದನ್ನು ನಾನು ಕೇಳಿಯೇ ಇಲ್ಲ. “ಡಾಕ್ಟ್ರೇ, ಅತ್ತೆ ಬುಧವಾರ ಇಲ್ಲಿಗೆ ಬರಲೇ ಇಲ್ಲ. ಎಲ್ಲಿ ಕೊಟ್ಟುಬಿಡ್ತೀನೋ ಅಂತ ಹೆದರಿ ಮನೆಯಲ್ಲೇ ಇದ್ರು. ಆ ಬಟ್ಟಲು ತಿಂದವಳು ನಾನು. ಇವರ ಮೇಲೆ ಯಾರೂ ಏನೂ ಅನ್ನಬೇಡಿ.”

ಆಗ ಮಂಚದಿಂದ ಬಂತು: “ಪ್ಯೊ ತಾತನ ತಟ್ಟೆಯಲ್ಲಿತ್ತು.”

ಆ ದಿನ ಆಸ್ಪತ್ರೆಯ ಮಾಮೂಲಿ ಊಟದಲ್ಲಿ ಕಡಲಸೊಪ್ಪಿನ ಸಾರಂತೆ. ಹೇರಾನ್ ನನ್ನ ಮನೆಯಲ್ಲಿದ್ದ ಹೊತ್ತು.

“ಹುಟ್ಟಿದ ದಿನ ಅಮ್ಮ ನನ್ನಿಂದ ದೂರ ಉಳಿದದ್ದು ಇದೇ ಮೊದಲು. ನಾನು ಹೇರಾನ್ ಪರ ಮಾತಾಡ್ದೆ ಅಂತ ಅಮ್ಮನಿಗೆ ನೋವಾಗಿದೆ ಅಂದ್ಕೊಂಡೆ. ಮುಂದಿನ ವರ್ಷ ನಾನಿರ್ತೀನೋ ಇಲ್ಲವೋ. ಅಮ್ಮನ ಹೆಸರಲ್ಲಿ ನಾಲ್ಕು ಚಮಚ…” ಎಂದು ಗಿಬೊಮ್ ಮುಖ ಮುಚ್ಚಿಕೊಂಡ.

“ನಾಲ್ಕು ಚಮಚ ಅಲ್ಲ,” ಎಂದ ಪ್ಯೊ ತಾತ, ಹೊದಿಕೆಯೊಳಗಿಂದ. “ಬಟ್ಟಲು ನೆಕ್ಕಿ ಕೊಟ್ಟ. ಅಳ್ತಾ ತಿಂತಿದ್ದ ಅಕ್ಕಾವ್ರೇ, ಬೇಡ ಅನ್ನಕ್ಕೆ ಬಾಯಿ ಬರಲಿಲ್ಲ. ನನ್ನದೂ ತಪ್ಪು.”

ಡಾಕ್ಟ್ರಮ್ಮ ಕನ್ನಡಕ ತೆಗೆದು ಕಣ್ಣು ಒತ್ತಿಕೊಂಡರು. “ನಾನು ಇದನ್ನ ಇದ್ದ ಹಾಗೇ ಹೇಳ್ಬೇಕಾಗುತ್ತೆ” ಎಂದಷ್ಟೇ ಹೇಳಿ ಹೋದರು.

ಅವನ ಎದೆ ಗಟ್ಟಿಯಿದ್ದಿದ್ದರೆ ಎರಡು ಬಾರಿಸುತ್ತಿದ್ದೆ. ಕತ್ತೆ! ನನ್ನನ್ನು ನೆನೆಯಲು ಅವನು ಸಾಯಬೇಕೇ? ನಾನು ಹೋಗಿದ್ದರೆ ಹೀಗೆ ಆಗುತ್ತಲೇ ಇರಲಿಲ್ಲ. ಹೋಗದೆ ಉಳಿದು ಒಳ್ಳೆಯವಳಾದೆ ಎಂದುಕೊಂಡಿದ್ದೆ. ಹೇರಾನ್ ಕಾರಿಡಾರಿನಲ್ಲಿ ಗೋಡೆಗೆ ಮುಖ ಮಾಡಿ ಅಳುತ್ತಿದ್ದಳು. ಪಕ್ಕದಲ್ಲಿ ಹೋಗಿ ನಿಂತೆ. “ಏನೇ, ಅಷ್ಟು ಜೋರಾಗಿ ಸುಳ್ಳಿ ಅಂದೆಯಲ್ಲ ನನ್ನನ್ನ” ಎಂದೆ. ಅಳುತ್ತಲೇ ನಕ್ಕಳು. ನನ್ನ ತೋಳು ಹಿಡಿದುಕೊಂಡಳು, ಬಸ್ಸು ಹತ್ತಿಸುವವರೆಗೂ ಬಿಡಲಿಲ್ಲ.

ಮಾರ್ಚ್ 27, ಗುರುವಾರ

ಇನ್ನೊಂದು ಚಿತ್ರ ತೆಗೆಯಲು ಸಮಿತಿ ಒಪ್ಪಿತು. ಒಂದೇ ಒಂದು ಸಲ, ಏಪ್ರಿಲ್ ಹನ್ನೊಂದಕ್ಕೆ. ಹಿಂದಿನ ಚಿತ್ರ ಹೌದು ಎಂದೂ ಹೇಳಿಲ್ಲ, ಇಲ್ಲ ಎಂದೂ ಹೇಳಿಲ್ಲ, ಅದನ್ನು ನಂಬಿ ಒಬ್ಬನನ್ನು ಹೊರಗೆ ಹಾಕುವುದು ಸರಿಯಲ್ಲ ಎಂದು ಡಾಕ್ಟ್ರಮ್ಮ ವಾದಿಸಿದರಂತೆ. ನಮಗೆ ಮಾತ್ರ ಖಡಾಖಂಡಿತವಾಗಿ ಹೇಳಿದರು: “ಚಿಟ್ಟೆ ವಾಪಸು ಬರುತ್ತೆ, ಅದಕ್ಕೆ ನಾನು ಹೊಣೆ. ಚುಕ್ಕಿಗೆ ಹೊಣೆ ಆಗಲಾರೆ.”

ಪ್ಯೊ ತಾತನ ಮಂಚ ಬದಲಿಸಲು ನರ್ಸ್ ಬಂದಳು. ಗಿಬೊಮ್ ಬೇಡವೆಂದ. “ಅವರು ಹೋದ್ರೆ ನಂಗೆ ಬೇಜಾರಾಗುತ್ತೆ.” ಸರಿ, ಇರಲಿ ಎಂದೆವು.

ಏಪ್ರಿಲ್ 2, ಬುಧವಾರ

ಅವನು ತೆಳ್ಳಗಾಗುತ್ತಿದ್ದಾನೆ. ಶೌಚಕ್ಕೆ ಹೋಗಿ ಬಂದರೆ ಮಾತನಾಡಲು ಉಸಿರಿಲ್ಲ. ನಾನು ಈಗ ಹೇರಾನ್ ಜೊತೆ ಪಾಳಿ ಮಾಡಿಕೊಂಡಿದ್ದೇನೆ, ನಾನಿದ್ದಾಗ ಅವಳು ಮನೆಗೆ ಹೋಗಿ ಮಲಗುತ್ತಾಳೆ. ಆ ಬೆಂಚಿನ ಮೇಲೆ ಹೇಗೆ ಇಷ್ಟು ದಿನ ಕಳೆದಳೋ. ನನ್ನ ಸೊಂಟ ಒಂದೇ ದಿನಕ್ಕೆ ಹಿಡಿಯಿತು.

ಏಪ್ರಿಲ್ 9, ಬುಧವಾರ

ಸರ್ಕಾರಿ ಹುಟ್ಟುಹಬ್ಬ. ಯಾರೂ ಸಾರಿನ ಮಾತೆತ್ತಲಿಲ್ಲ. ಹೇರಾನ್ ಮಂಚದ ಈ ಕಡೆ, ನಾನು ಆ ಕಡೆ, ಕಳ್ಳನನ್ನು ಕಾಯುವವರ ಹಾಗೆ ಕುಳಿತೆವು. ಊಟದ ಗಾಡಿ ಬಂದಾಗ ಪ್ಯೊ ತಾತ ತನ್ನ ತಟ್ಟೆ ಎತ್ತಿಕೊಂಡು, ಸಲೈನ್ ಕಂಬ ತಳ್ಳಿಕೊಂಡು, ಕಾರಿಡಾರಿಗೆ ಹೋಗಿ ನಿಂತೇ ಉಂಡು ಬಂದ. ಬಾಯಿಯನ್ನೂ ಮುಕ್ಕಳಿಸಿ ಬಂದ. ಗಿಬೊಮ್ ಬಹಳ ದಿನದ ಮೇಲೆ ನಕ್ಕ. ನಕ್ಕದ್ದಕ್ಕೇ ಕೆಮ್ಮು ಬಂತು.

ಏಪ್ರಿಲ್ 10, ಗುರುವಾರ

ನಾಳೆ. ಏನೂ ಬರೆಯಲು ಆಗುತ್ತಿಲ್ಲ. ಹೇರಾನ್ ಉಣ್ಣಲಿಲ್ಲ, ಬೈದು ಉಣ್ಣಿಸಿದೆ.

ಏಪ್ರಿಲ್ 11, ಶುಕ್ರವಾರ

ಗಾಜಿನಾಚೆ ನಿಂತಿದ್ದೆವು. ಹೇರಾನ್ ನನ್ನ ಕೈ ಹಿಡಿದಿದ್ದಳೋ ನಾನು ಅವಳದು ಹಿಡಿದಿದ್ದೆನೋ, ಬೆರಳು ಮರಗಟ್ಟಿತು. ಪರದೆಯ ಮೇಲೆ ಮೊದಲು ಕತ್ತಲು. ಆಮೇಲೆ ಚಿಟ್ಟೆ ಬಂತು. ಫೆಬ್ರವರಿಯಲ್ಲಿ ಕಂಡ ಹಾಗೇ, ರೆಕ್ಕೆ ಬಿಚ್ಚಿ. ಅದರ ಕೆಳಗೆ ಏನೂ ಇಲ್ಲ.

ನಾನು ಕಣ್ಣು ಮುಚ್ಚಿಕೊಂಡೆ. ದಂಡೆಯ ಮೇಲೆ ನಿಂತ ಹಾಗಾಯಿತು. ಇನ್ನು ನೋಡುವುದು ಬೇಡ, ಮನೆಗೆ ಹೋಗಿಬಿಡೋಣ ಅನ್ನಿಸಿತು. ಹೇರಾನ್ “ಅತ್ತೆ, ನೋಡಿ. ಇನ್ನೂ ಬರ್ತಾ ಇದೆ, ನೋಡಿ” ಎಂದು ನನ್ನ ಕೈ ಅಲುಗಾಡಿಸಿದಳು. ಒಳಗೆ ಡಾಕ್ಟ್ರಮ್ಮ ಚಿತ್ರವನ್ನು ನಿಧಾನ ತಿರುಗಿಸುತ್ತಿದ್ದರು. ಎದೆಯ ಎಡಬದಿ ಈ ಕಡೆ ಬಂದಾಗ ಅವರ ಕೈ ನಿಂತಿತು. ಅವರು ನಮ್ಮ ಕಡೆ ತಿರುಗಿ ಪರದೆಯ ಮೇಲೆ ಬೆರಳಿಟ್ಟು ತೋರಿಸಿದರು.

ಇದೆ. ಮೊದಲಿನಷ್ಟಿಲ್ಲ, ಸಾಸಿವೆಗಿಂತ ಸ್ವಲ್ಪ ದೊಡ್ಡದು. ಆದರೆ ಇದೆ. ಇಷ್ಟು ದಿನವೂ ಅಲ್ಲೇ ಇತ್ತು, ಅಷ್ಟು ಕತ್ತಲಲ್ಲೂ ಬದುಕಿಕೊಂಡೇ ಇತ್ತು. ನಾನು ಎಲ್ಲರೆದುರೂ ಬಾಯಿಬಿಟ್ಟು ಅತ್ತೆ. ಅವನ ಅಪ್ಪನಿಗಾಗಿಯೂ ಹೀಗೆ ಅತ್ತಿರಲಿಲ್ಲ. ಎರಡನೇ ಸಲದ ಕೋಶ ಇಪ್ಪತ್ತೆಂಟಕ್ಕೆ.

ಡಾಕ್ಟ್ರಮ್ಮ “ಇವತ್ತು ಒಂದು ಬಟ್ಟಲು ಕೊಡಬಹುದು” ಎಂದದ್ದೇ ತಡ, ಹೇರಾನ್ ಮನೆಗೆ ಓಡಿದಳು. ಸಂಜೆ ಫ್ಲಾಸ್ಕಿನಲ್ಲಿ ಸಾರು ತಂದಳು. ಜೀವಮಾನದಲ್ಲೇ ಮೊದಲ ಸಲ ಮಾಡಿದ್ದಂತೆ. ನನ್ನದೇ ಸೊಪ್ಪು. ಗಿಬೊಮ್ ಕೈ ಚಾಚಿದ. ಅವಳು ಅವನ ಕೈಗೆ ಒಂದು ಏಟು ಕೊಟ್ಟು ಮೊದಲ ಬಟ್ಟಲನ್ನು ಎರಡೂ ಕೈಯಲ್ಲಿ ನನ್ನ ಮುಂದೆ ಇಟ್ಟಳು.

“ಹೆತ್ತವರಿಗೆ ಮೊದಲು.”

ಸೊಪ್ಪು ನೆನೆದಿರಲಿಲ್ಲ. ಹಲ್ಲಿಗೆ ಮರಳು ಸಿಕ್ಕಿತು, ಬೆಳ್ಳುಳ್ಳಿ ಹಸಿಹಸಿ. ಇನ್ನೊಂದು ಬಟ್ಟಲು ಹಾಕಿಸಿಕೊಂಡೆ.

ಬಸ್ಸಿನಲ್ಲಿ ಬರುವಾಗ ನೆನಪಾಯಿತು. ಪರೀಕ್ಷೆ ಮುಗಿಯುವವರೆಗೆ ಜಗಳ ತೆಗೆಯುವುದಿಲ್ಲ ಎಂದು ಗಿಬೊಮ್‌ಗೆ ಮಾತು ಕೊಟ್ಟಿದ್ದೆ. ಮುಗಿಯಿತಲ್ಲ. ನಾಳೆ ಬೆಳಿಗ್ಗೆಯೇ ಹೋಗಿ ನಮ್ಮ ಹುಡುಗಿಗೆ ಸೊಪ್ಪು ತೊಳೆಯುವುದು ಹೇಗೆ ಎಂದು ಬೈದು ಹೇಳಿಕೊಡಬೇಕು.